ಗೋಡೆಯಾಚೆಯ ಕೊಳ

ಜೂನ್ ೯, ಭಾನುವಾರ

ಬೆಳಿಗ್ಗೆಯಿಂದ ಕತ್ತರಿ ಕೆಳಗಿಟ್ಟಿಲ್ಲ. ಗದ್ದೆ ನಾಟಿ ಮುಗಿಯುತ್ತಿದ್ದ ಹಾಗೆ ಈ ಊರಿನ ಗಂಡಸರಿಗೆಲ್ಲ ತಮಗೊಂದು ತಲೆ ಇದೆಯೆಂಬುದು ಒಟ್ಟಿಗೇ ನೆನಪಾಗುತ್ತದೆ. ಕೂದಲು ಕತ್ತರಿಸುವುದು ನನ್ನ ಪಾಲು, ಗಡ್ಡ ಹೆರೆಯುವುದು ಹೆಂಡತಿ ಕಿನುಯೊಳದು. ಮದುವೆಯಾದಾಗಿನಿಂದ ನಮ್ಮ ಅಂಗಡಿ ನಡೆದದ್ದು ಹಾಗೆ. ಈಗ ಎರಡೂ ನನ್ನ ತಲೆಗೇ ಬಂದಿವೆ.

ಮೀನಂಗಡಿಯ ಕೊಮಾತ್ಸು ಮುಖದ ತುಂಬ ನೊರೆ ಮೆತ್ತಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದವನು ಸುಮ್ಮನಿರಬಾರದೆ?

“ಶೋಹೇ, ನಿನ್ನ ಕೈಗೆ ಮುಖ ಕೊಡೋದೂ ಒಂದೇ, ನಾನು ಮೀನು ಹೆರೆಯೋದೂ ಒಂದೇ. ಕಿನುಯೊಕ್ಕ ಯಾವಾಗಪ್ಪಾ ಕೆಳಗಿಳಿಯೋದು?”

“ಇಳೀತಾಳೆ. ಬಾಯಿ ಮುಚ್ಚು, ನೊರೆ ಒಳಗೆ ಹೋಗತ್ತೆ.”

ಅವಳಿಗೆ ಆಪರೇಷನ್ ಆಗಿ ತಿಂಗಳಾಯಿತು. ಬಲಗಡೆಯ ಎದೆಯನ್ನು ಪೂರ್ತಿ ತೆಗೆದುಬಿಟ್ಟಿದ್ದಾರೆ. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಕತ್ತಿ ಹಿಡಿಯುವ ಮಾತೆಲ್ಲಿ ಬಂತು! ನಾಳೆಯಿಂದ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಔಷಧಿ ಏರಿಸುತ್ತಾರೆ. ಕೂದಲು ಉದುರುತ್ತದೆ ಎಂದು ಮೊದಲೇ ಹೇಳಿದ್ದಾರೆ.

ಊಟವಾದ ಕೂಡಲೆ ಅವಳು ಮಹಡಿಗೆ ಹೋಗಿ ಮಲಗುತ್ತಾಳೆ. ಮಾತಾಡಲು ಯಾರೂ ಇಲ್ಲವೆಂದು ಇದನ್ನು ಬರೆಯುತ್ತಿದ್ದೇನೆ, ಬೇರೇನಲ್ಲ. ಇವತ್ತು ಟವೆಲ್ ತರಲು ಮೇಲೆ ಹೋದಾಗ ಅವಳು ಬಟ್ಟೆ ಬದಲಿಸುತ್ತಿದ್ದಳು. ತಟ್ಟನೆ ಮುಖ ತಿರುಗಿಸಿ ಇಳಿದು ಬಂದೆ. ಗಂಡ ಹೆಂಡತಿಯಾದರೂ ಮರ್ಯಾದೆ ಅಂತ ಒಂದಿರುತ್ತದಲ್ಲ.

ಜೂನ್ ೨೭, ಗುರುವಾರ

ಬಚ್ಚಲಲ್ಲಿ ನೀರು ಕಟ್ಟಿಕೊಂಡಿತ್ತು. ಜಾಲರಿ ಎತ್ತಿ ನೋಡಿದರೆ ಅವಳ ಕೂದಲು, ಒಂದು ಹಿಡಿಯಷ್ಟು. ಹುಟ್ಟಿದಾಗಿನಿಂದ ಊರವರ ಕೂದಲು ಗುಡಿಸಿದವನು ನಾನು. ಅದನ್ನು ಮಾತ್ರ ಕೈಯಲ್ಲಿ ಎತ್ತಲಾಗಲಿಲ್ಲ, ಕಡ್ಡಿಯಿಂದ ತೆಗೆದೆ.

ಊಟಕ್ಕೆ ಕೂತಾಗ ಕಿನುಯೊ ಕೇಳಿದಳು.

“ರೀ, ನಾಳೆ ಅಂಗಡಿ ಮುಚ್ಚಿದ್ಮೇಲೆ ನನ್ನ ತಲೆ ಬೋಳಿಸಿಬಿಡ್ತೀರಾ?”

“ಅಷ್ಟೇನೂ ಉದುರಿಲ್ಲ ಬಿಡೇ.”

“ದಿಂಬಿನ ತುಂಬ ಬೀಳ್ತಿದೆ. ಅನ್ನದಲ್ಲೂ ಬೀಳತ್ತೆ. ನೀವು ಮಾಡಿದ್ರೆ ನಂಗೆ ಸಮಾಧಾನ.”

“ಆಯ್ತು, ನಾಳೆ ನೋಡೋಣ.”

ಜುಲೈ ಬೇಸಿಗೆ ಬರುವ ಮೊದಲೇ ಸೆಕೆ.

ಜೂನ್ ೨೮, ಶುಕ್ರವಾರ

ಕ್ಷೌರಿಕರ ಸಂಘದ ಸಭೆ. ಹೋಗಲೇಬೇಕೆಂದೇನೂ ಇರಲಿಲ್ಲ, ಆದರೆ ಹೋಗದಿದ್ದರೆ ನಾಲ್ಕು ಜನ ಏನಂದಾರು? ಸಭೆ ಮುಗಿದ ಮೇಲೆ ಸಾಕೆ ಮದ್ಯ, ಕುಡಿದ ಮೇಲೆ ಹಾಡು. ಮನೆಗೆ ಬಂದಾಗ ಕಿನುಯೊ ಮಲಗಿಯಾಗಿತ್ತು. ಅಂಗಡಿಯ ಒಂದನೆಯ ಕುರ್ಚಿಯ ಮೇಲೆ ಬಿಳಿ ಹೊದಿಕೆ ಹಾಸಿ, ಪಕ್ಕದಲ್ಲಿ ಎರಡು ಟವೆಲ್ ಮಡಿಸಿಟ್ಟಿದ್ದಳು. ಎತ್ತಿಟ್ಟೆ.

ಜೂನ್ ೩೦, ಭಾನುವಾರ

ಕೊಮಾತ್ಸು ಬಾಯಿಂದ ಕೇಳಬೇಕಾಯಿತು. ನಿನ್ನೆ ನಾನು ಕೆಲಸದಲ್ಲಿದ್ದಾಗ ಕಿನುಯೊ ಹಿಂಬಾಗಿಲಿನಿಂದ ಹೊರಟು, ಸ್ಟೇಷನ್ ಎದುರಿನ ಹಟಾನಾಕನ ಅಂಗಡಿಯಲ್ಲಿ ತಲೆ ಬೋಳಿಸಿಕೊಂಡು ಬಂದಿದ್ದಾಳೆ. ಸಂಜೆ ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡದ್ದು ನೋಡಿದ್ದೆ, ಕೇಳಿರಲಿಲ್ಲ.

“ಕ್ಷೌರಿಕನ ಹೆಂಡ್ತಿ ಇನ್ನೊಬ್ಬ ಕ್ಷೌರಿಕನ ಹತ್ರ ಹೋದ್ರೆ ಏನಯ್ಯಾ ಅರ್ಥ? ನಾಳೆಯಿಂದ ನಾನೂ ಹೋಗ್ಲಾ?” ಎಂದು ಕೊಮಾತ್ಸು ಹಲ್ಲು ಕಿರಿದ. ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಒಳಗೆ ಹೋಗಿ ಕೇಳಿದೆ. ಅವಳು ಎಡಗೈಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು.

“ನನ್ನ ಮರ್ಯಾದೆ ಏನಾಗ್ಬೇಕು?”

“ನೀವು ಕೆಲಸದಲ್ಲಿದ್ರಿ.”

“ಒಂದ್ಮಾತು ಹೇಳಿದ್ರೆ ಮಾಡ್ತಿರ್ಲಿಲ್ವಾ?”

“ಹೇಳಿದ್ದೆ.”

ಅಂಗಡಿಗೆ ವಾಪಸ್ಸು ಬಂದೆ. ಹಟಾನಾಕ ಎಲ್ಲದಕ್ಕೂ ಮೆಷಿನ್ ಹಾಕುವವನು. ಅವನಿಗೇನು ಗೊತ್ತು.

ಜುಲೈ ೨೫, ಗುರುವಾರ

ಮೂರನೆಯ ಸಲ ಔಷಧಿ ಏರಿಸಿ ಬಂದ ಮೇಲೆ ಅವಳು ಏನೂ ತಿನ್ನುತ್ತಿಲ್ಲ. ಗಂಜಿ ಮಾಡಿದೆ, ತಳ ಹತ್ತಿತು. ವಾಸನೆಗೇ ವಾಂತಿ ಮಾಡಿಕೊಂಡಳು. ಮತ್ತೆ ಮಾಡಿದೆ. ಅದು ತಳ ಹತ್ತಲಿಲ್ಲ, ಆದರೂ ತಿನ್ನಲಿಲ್ಲ. ಪೀಚ್ ಹಣ್ಣನ್ನು ಐಸಿನಲ್ಲಿಟ್ಟು ಹೆಚ್ಚಿ ಕೊಟ್ಟರೆ ನಾಲ್ಕು ಹೋಳು ಇಳಿಯುತ್ತದೆ. ಹಣ್ಣಿನವನು ನನ್ನನ್ನು ಕಂಡರೆ ಈಗ ಕೇಳದೆಯೇ ಮೆತ್ತಗಿನದು ತೆಗೆದಿಡುತ್ತಾನೆ.

ಬಟ್ಟೆ ಒಗೆಯುವುದೂ ನನ್ನ ಪಾಲಿಗೇ. ಒಳಬಟ್ಟೆಯ ಒಂದು ಬದಿಗೆ ಹತ್ತಿ ತುಂಬಿ ಹೊಲಿದುಕೊಂಡಿದ್ದಾಳೆ. ಅದು ಬೇಗ ಒಣಗುವುದಿಲ್ಲ, ಬಿಸಿಲಿಗೇ ಹಾಕಬೇಕು. ಬಿಸಿಲು ಇರುವುದು ಬೀದಿಯ ಕಡೆಗೆ. ಎರಡು ದೊಡ್ಡ ಟವೆಲ್‌ಗಳ ನಡುವೆ ಕಟ್ಟಿದೆ. ಗಾಳಿ ಬಂದಾಗಲೆಲ್ಲ ಅಂಗಡಿಯಿಂದ ಎದ್ದು ಹೋಗಿ ಸರಿ ಮಾಡಿದೆ. ಗಿರಾಕಿಗಳಿಗೆ ಸಿಟ್ಟು ಬಂತು. ಬರಲಿ.

ಸೆಪ್ಟೆಂಬರ್ ೧೮, ಬುಧವಾರ

ಔಷಧಿ ಏರಿಸುವುದು ಮುಗಿದು ತಿಂಗಳಾಯಿತು. ಕೈ ಸ್ವಲ್ಪ ಸ್ವಲ್ಪ ಏಳುತ್ತಿದೆ. ಆದರೆ ಅವಳು ಅಂಗಡಿಗಿಳಿಯುವುದಿಲ್ಲ. ಮಹಿಳಾ ಸಂಘದವರು ಪ್ರತಿ ಶರತ್ಕಾಲ ಬಿಸಿನೀರಿನ ಬುಗ್ಗೆಗೆ ಹೋಗಿ, ಬಟ್ಟೆ ಕಳಚಿ ಎಲ್ಲರೂ ಒಂದೇ ಕೊಳದಲ್ಲಿ ಕೂತು ಬರುತ್ತಾರೆ. ಹೊರಡುವುದಕ್ಕೆ ವಾರ ಮೊದಲೇ ಚೀಲ ಕಟ್ಟಿ ಕೂರುವವಳು ಇವಳು. ಈ ಸಲ ಬರುವುದಿಲ್ಲ ಎಂದು ಹೇಳಿ ಕಳಿಸಿದಳು.

ಬೆಟ್ಟದ ಮೇಲೆ ಒಂದು ಹಳೆಯ ಬುಗ್ಗೆ ಮನೆ ಇದೆಯಂತೆ, ಆರೇ ಕೋಣೆ. ಕಾಯಿಲೆಯಿಂದ ಎದ್ದವರು, ಮುದುಕಿಯರು ಅಲ್ಲಿ ವಾರಗಟ್ಟಲೆ ಇದ್ದು, ತಾವೇ ಬೇಯಿಸಿಕೊಂಡು, ನೀರಲ್ಲಿ ಕೂತು ಬರುತ್ತಾರಂತೆ. ಕೊಮಾತ್ಸು ಹೇಳಿದ. ಅವನ ಅಕ್ಕ ಹೋಗುತ್ತಿದ್ದಳಂತೆ.

“ಒಂದು ರಾತ್ರಿ ಹೋಗಿ ಬರೋಣ. ಡಾಕ್ಟರು ಸ್ನಾನಕ್ಕೆ ಅಡ್ಡಿ ಇಲ್ಲ ಅಂದಿದಾರಲ್ಲ,” ಎಂದೆ.

“ಹೋಗೋಣ. ಆದ್ರೆ ನಾನು ಕೊಳಕ್ಕಿಳಿಯಲ್ಲ.”

“ಬುಗ್ಗೆಗೆ ಹೋಗಿ ನೀರಿಗಿಳಿಯಲ್ಲ ಅಂದ್ರೆ?”

“ಬೆಟ್ಟ ನೋಡ್ತೀನಿ.”

ಇವಳ ಹಟಕ್ಕೆ ಮದ್ದಿಲ್ಲ. ಕೋಣೆ ಹೇಳಿಟ್ಟೆ.

ಅಕ್ಟೋಬರ್ ೨೧, ಸೋಮವಾರ. ಬುಗ್ಗೆ ಮನೆಯಲ್ಲಿ

ಕಿನುಯೊ ಹಾಸಿಗೆಯ ಮೇಲೆ ಕಾಲು ಚಾಚಿ ತೂಕಡಿಸುತ್ತಿದ್ದಾಳೆ. ನಾನು ಕಿಟಕಿಯ ಹತ್ತಿರದ ಕಿರುಮಣೆಯ ಮೇಲೆ ಬರೆಯುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ ಬರೆದುಬಿಡಬೇಕು.

ಮಧ್ಯಾಹ್ನದ ಬಸ್ಸಿನಲ್ಲಿ ಬಂದೆವು. ಬೆಟ್ಟ ಹತ್ತುತ್ತ ಹೋದಂತೆ ಮೇಪಲ್ ಎಲೆಗಳು ಕೆಂಪೇರಿ, ಇನ್ನೂ ಮೇಲೆ ಉದುರಿಯೇ ಹೋಗಿದ್ದವು. ಬಸ್ಸಿನಿಂದ ಇಳಿದ ತಕ್ಷಣ ಗಂಧಕದ ವಾಸನೆ. ಕಿನುಯೊ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಯಜಮಾನಿ ಕುಳ್ಳಗೆ, ಕೆಂಪಗೆ, ಮಾತು ಕಡಿಮೆ. ಚಹಾ ಕೊಟ್ಟು, ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಇಟ್ಟು, “ಕೊಳ ಓಣಿಯ ಕೊನೇಲಿದೆ. ಎಡಕ್ಕೆ ಗಂಡಸ್ರು, ಬಲಕ್ಕೆ ಹೆಂಗಸ್ರು. ಯಾವಾಗ ಬೇಕಾದ್ರೂ ಇಳೀಬಹುದು,” ಎಂದಳು.

ಇಬ್ಬರೂ ಇಲ್ಲಿನ ಹತ್ತಿಯ ನಿಲುವಂಗಿ ತೊಟ್ಟೆವು. ನಾನು ಟವೆಲ್ ತೆಗೆದುಕೊಂಡೆ. ಕಿನುಯೊ ಕಿಟಕಿಯ ಬಳಿ ಕೂತವಳು ಏಳಲಿಲ್ಲ.

“ಇಷ್ಟು ದೂರ ಬಂದು ಕಿಟಕಿ ಕಾಯೋದಾ?”

“ನೀವು ಹೋಗಿ ಬನ್ನಿ.”

“ಯಾರಿದಾರೆ ಇಲ್ಲಿ? ನಾಕು ಮುದುಕೀರು. ಅವ್ರಿಗೆ ಕಣ್ಣೇ ಕಾಣ್ಸುತ್ತೋ ಇಲ್ವೋ. ಯಾಕೆ ಇಷ್ಟು ನಾಚ್ಕೆ?”

ಅವಳು ಬೆಟ್ಟದ ಕಡೆಯೇ ನೋಡುತ್ತ ಹೇಳಿದಳು: “ನೀವೇ ಮುಖ ತಿರುಗಿಸ್ಕೋತೀರಿ. ಗುರುತಿಲ್ಲದವರು ಇನ್ನೇನು ಮಾಡಿಯಾರು?”

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಿನಿಂದ ಏನಾದರೂ ಅನ್ನಬಹುದಿತ್ತು. ಅವಳು ಹವೆಯ ಬಗ್ಗೆ ಮಾತಾಡುವ ಹಾಗೆ ಹೇಳಿದಳು. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆ.

ಗಂಡಸರ ಕೊಳದಲ್ಲಿ ಯಾರೂ ಇರಲಿಲ್ಲ. ನೀರು ಹಾಲಿನ ಹಾಗೆ ಬೆಳ್ಳಗೆ, ಕೈ ಮುಳುಗಿಸಿದರೆ ಕಾಣದಷ್ಟು. ಎರಡು ಕೊಳಗಳ ನಡುವೆ ಹಲಗೆಯ ಗೋಡೆ, ಮೇಲೆ ತೆರೆದಿದೆ. ಆಚೆಯಿಂದ ಮುದುಕಿಯರ ಹರಟೆ ಬರುತ್ತಿತ್ತು: ಯಾರದೋ ಸೊಸೆ, ಯಾರದೋ ಮಂಡಿನೋವು. ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚಿಕೊಂಡೆ. ಅವಳ ಮಾತು ಮಾತ್ರ ನೀರಲ್ಲಿ ಮುಳುಗಲಿಲ್ಲ.

ಸ್ವಲ್ಪ ಹೊತ್ತಿಗೆ ಆಚೆ ಬಾಗಿಲು ಸರಿಯಿತು. ಒಬ್ಬ ಮುದುಕಿಯ ಒಡಕು ದನಿ, ಹಳ್ಳದಾಚೆಗೂ ಕೇಳುವಂಥದು:

“ನೋಡ್ರೇ, ಹಿಡ್ಕೊಂಡು ಬಂದೆ! ಕೋಣೇಲಿ ಒಬ್ಳೇ ಕೂತಿದ್ಲು. ಬೆನ್ನುಜ್ಜೋಕೆ ಜನ ಇಲ್ಲ, ಬಾರೇ ತಾಯಿ, ಪುಣ್ಯ ಬರತ್ತೆ ಅಂದೆ.”

“ತೊಯೊಕ್ಕಾ, ಹೊಸಬ್ರನ್ನ ಹಾಗೆಲ್ಲ ಎಳ್ಕೊಂಡು ಬರ್ತಾರಾ?” ಎಂದಳು ಇನ್ನೊಬ್ಬಳು.

ಆಮೇಲೆ, “ಕ್ಷಮಿಸಿ, ಇಳೀತೀನಿ,” ಎಂದದ್ದು ಕಿನುಯೊ.

ಗೋಡೆಯ ಹತ್ತಿರ ಸರಿದೆ. ನೀರು ಎರೆದುಕೊಳ್ಳುವ ಸದ್ದು. ಎಲ್ಲರೂ ಮಾತು ನಿಲ್ಲಿಸಿದ್ದರು. ಈಗ ಏನೆನ್ನುತ್ತಾರೋ ಎಂದು ಕಾದೆ.

“ಬಲಗಡೇದಾ?” ತೊಯೊ ಕೇಳಿದಳು. “ನಂದು ಎಡಗಡೇದು ಹೋಗಿ ಬಹಳ ವರ್ಷ ಆಯ್ತು. ನಾವಿಬ್ರೂ ಒತ್ತಾಗಿ ಕೂತ್ರೆ ಒಂದು ಪೂರ್ತಿ ಹೆಂಗಸಾಗ್ತೀವಿ ನೋಡು.”

ಕಿನುಯೊ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾಗದೆ, ಕೆಮ್ಮು ಬರುವ ತನಕ. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ನನಗೂ ನಗು ಬಂತು. ಆದರೆ ಅದು ನನ್ನ ಜೊತೆ ನಕ್ಕದ್ದಲ್ಲ.

“ತಲೆ ಮೇಲಿನ ಬಟ್ಟೆ ಬಿಚ್ಚೇ, ಸೆಕೆ. ಅಯ್ಯೋ, ಎಷ್ಟು ಚೆಂದ ಬರ್ತಿದೆ! ಪೀಚ್ ಹಣ್ಣಿನ ಮೇಲಿನ ನವಿರಿನ ಹಾಗಿದೆ. ಮೊದ್ಲು ಬೋಳಿಸಿದವ್ರ ಕೈ ಚೆನ್ನಾಗಿದ್ರೇನೇ ಹೀಗೆ ಒಂದೇ ಸಮ ಬರೋದು. ಯಾರು ಬೋಳಿಸಿದ್ದು?”

“ನಮ್ಮೆಜಮಾನ್ರು,” ಎಂದಳು ಕಿನುಯೊ. “ಅವ್ರು ಕ್ಷೌರಿಕರು.”

“ನೋವಾಗ್ಲಿಲ್ವಾ?”

“ಇಲ್ಲ. ಅಂಗಡಿ ಮುಚ್ಚಿದ್ಮೇಲೆ ದೀಪ ಹಾಕ್ಕೊಂಡು, ನಿಧಾನವಾಗಿ ಮಾಡಿದ್ರು. ಕಿವಿ ಹಿಂದೆ ಬೆರಳಿಟ್ಟು, ತಲೇನ ಹೀಗೆ ಹಿಡ್ಕೊಂಡು. ಮುಗಿದ್ಮೇಲೆ ಬಿಸಿ ಟವೆಲ್ ಸುತ್ತಿದ್ರು. ಮಾತಾಡ್ಲಿಲ್ಲ. ಅವ್ರು ಕೆಲಸ ಮಾಡೋವಾಗ ಮಾತಾಡಲ್ಲ.”

“ಪುಣ್ಯ ಮಾಡಿದ್ದೆ ಬಿಡು. ನನ್ನ ಗಂಡ ಇದ್ನಲ್ಲ, ನಂಗೆ ಆಪರೇಷನ್ ಅಂದ ದಿನ ಮೀನು ಹಿಡಿಯೋಕೆ ಹೋಗಿದ್ದ.” ತೊಯೊ ಹಲಗೆಯನ್ನು ದಬದಬ ಬಡಿದಳು. “ಏ ಕ್ಷೌರಿಕಣ್ಣಾ! ಆಚೆ ಇದೀಯಾ? ನಿನ್ನ ಕೈಗೆ ಬಂಗಾರದ ಕಡಗ ಹಾಕ್ಬೇಕು ಕಣಪ್ಪಾ!”

ನಾನು ಸದ್ದಿಲ್ಲದೆ ಮೂಗಿನವರೆಗೂ ಮುಳುಗಿದೆ.

“ಇಲ್ಲ ಕಣೇ, ಎದ್ದು ಹೋಗಿರ್ಬೇಕು,” ಎಂದಳು ತೊಯೊ.

ಓಣಿಯಲ್ಲಿ ಸಿಕ್ಕಾಗ ಅವಳ ಮುಖ ಕೆಂಪಾಗಿತ್ತು. ನೀಲಿ ಬಟ್ಟೆ ಕೈಯಲ್ಲಿತ್ತು. ಬಟ್ಟೆಯಿಲ್ಲದ ಅವಳ ತಲೆಯನ್ನು ನಾನು ಹಗಲಿನಲ್ಲಿ ಸರಿಯಾಗಿ ನೋಡಿದ್ದು ಇದೇ ಮೊದಲು. ಸಣ್ಣ, ದುಂಡಗಿನ ತಲೆ. ಜೊತೆಯಲ್ಲಿ ಬಾಳಿದ ಇಷ್ಟು ಕಾಲದಲ್ಲಿ ಅದರ ಆಕಾರ ನನಗೆ ಗೊತ್ತೇ ಇರಲಿಲ್ಲ.

ಊಟಕ್ಕೆ ಅನ್ನವನ್ನು ಕುಟ್ಟಿ ಕಡ್ಡಿಗೆ ಮೆತ್ತಿ ಸುಟ್ಟದ್ದು, ಕೋಳಿಯ ಸಾರಿನಲ್ಲಿ. ಎರಡು ಬಟ್ಟಲು ಉಂಡಳು. ನಾನೇ ಮಾತು ತೆಗೆದೆ.

“ಅವ್ರ ಹತ್ರ ಯಾಕೆ ಹಾಗೆ ಹೇಳ್ದೆ?”

“ಹೇಗೆ?”

“ನಾನೇ ಬೋಳಿಸ್ದೆ ಅಂತ.”

ಅವಳು ಊಟದ ಕಡ್ಡಿ ಕೆಳಗಿಟ್ಟಳು. “ಅಲ್ಲೇ ಇದ್ರಾ?”

“ಇದ್ದೆ.”

“ಹಾಗಾಗಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು. ಹೇಳ್ದೆ.”

ಮತ್ತೆ ಕಡ್ಡಿ ಎತ್ತಿಕೊಂಡು ಅಣಬೆಯನ್ನು ಹುಡುಕಿ ತಿಂದಳು.

ಮಲಗುವ ಮುಂಚೆ ಅವಳು ನಿಲುವಂಗಿ ಸರಿಮಾಡಿಕೊಂಡು ಮತ್ತೆ ಕಟ್ಟಿಕೊಳ್ಳುವಾಗ ನಾನು ಮುಖ ತಿರುಗಿಸಲಿಲ್ಲ. ಅವಳೇ ಬೆನ್ನು ತಿರುಗಿಸಿಕೊಂಡಳು.

ಅಕ್ಟೋಬರ್ ೨೨, ಮಂಗಳವಾರ. ಮನೆಯಲ್ಲಿ

ಒಬ್ಬನೇ ಬಂದೆ.

ಬೆಳಿಗ್ಗೆ ಮಿಸೊ ಸಾರು ಕುಡಿಯುತ್ತ, ಎಷ್ಟೋ ಹೊತ್ತು ಯೋಚಿಸಿ ಹೇಳಿದೆ. “ಊರಿಗೆ ಹೋದ್ಮೇಲೆ ನಾನೊಂದ್ಸಲ ತಲೆ ಸರಿಮಾಡಿ ಕೊಡ್ತೀನಿ. ಹಿಂದ್ಗಡೆ ಸ್ವಲ್ಪ ಏರುಪೇರಿದೆ.”

ಏರುಪೇರು ಏನೂ ಇರಲಿಲ್ಲ.

ಅವಳು ಅಂಗೈಯಿಂದ ತಲೆ ಸವರಿಕೊಂಡಳು. “ಬೇಡ ರೀ. ಈಗ ಬೆಳೀತಿದೆ. ಬೆಳೀಲಿ.”

ಆಮೇಲೆ, “ನಾನು ಇಲ್ಲೇ ಸ್ವಲ್ಪ ದಿನ ಇರ್ತೀನಿ. ತೊಯೊಕ್ಕನ ಪಕ್ಕದ ಕೋಣೆ ಖಾಲಿ ಇದ್ಯಂತೆ. ಯಜಮಾನಿ ಹತ್ರ ಮಾತಾಡಿದೀನಿ.”

“ಎಷ್ಟು ದಿನ?”

“ಗೊತ್ತಿಲ್ಲ.”

“ಅಂಗಡಿ?”

“ನಡೆಸ್ತಿದೀರಲ್ಲ.”

“ನಾನೂ ಇದ್ರೆ?”

ಅವಳು ನನ್ನ ಮುಖ ನೋಡಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. “ನೀವಿದ್ರೆ ನಿಮ್ಗೆ ಬೇಜಾರಾಗಬಾರ್ದು ಅಂತ ನೋಡ್ಕೋತಾ ಇರ್ಬೇಕಾಗತ್ತೆ. ಈ ಬೇಸಿಗೆ ಪೂರ್ತಿ ಅದೇ ಮಾಡಿದೀನಿ. ಸುಸ್ತಾಗಿದೆ ರೀ.”

ಈ ಬೇಸಿಗೆ ಪೂರ್ತಿ ನಾನು ಅವಳನ್ನು ನೋಡಿಕೊಂಡೆನೆಂದು ತಿಳಿದಿದ್ದೆ.

ಬಸ್ಸಿನ ತನಕ ಬಂದಳು, ತೊಯೊ ಜೊತೆಯಲ್ಲಿ. ತೊಯೊ ಗುಬ್ಬಿಯಷ್ಟು ಇದ್ದಾಳೆ, ದನಿಯೊಂದೇ ದೊಡ್ಡದು. “ಹೆದರ್ಬೇಡ ಕ್ಷೌರಿಕಣ್ಣಾ, ನಿನ್ನ ಹೆಂಡ್ತೀನ ನಾವೇನೂ ಬೇಯಿಸ್ಕೊಂಡು ತಿನ್ನಲ್ಲ. ಬುಗ್ಗೆ ನೀರೇ ಬೇಯಿಸತ್ತೆ!” ಎಂದಳು. ನನ್ನ ಎರಡೂ ಕೈ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, “ಒಳ್ಳೆ ಕೈ,” ಎಂದಳು. ಕಿನುಯೊ ಆಗ ಬೆಟ್ಟದ ಕಡೆ ನೋಡುತ್ತಿದ್ದಳು. ನಾನು ಕೈ ಬಿಡಿಸಿಕೊಂಡೆ. ನಿಜ ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂತು. ಹೇಳಿದರೆ ಕಿನುಯೊ ಸುಳ್ಳಿಯಾಗುತ್ತಿದ್ದಳು. ಸುಮ್ಮನೆ ಬಸ್ಸು ಹತ್ತಿದೆ.

ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರಿಬ್ಬರೂ ಆಗಲೇ ಏನೋ ಮಾತಾಡುತ್ತ ಇಳಿಜಾರಿನಲ್ಲಿ ನಡೆಯುತ್ತಿದ್ದರು.

ಅಕ್ಟೋಬರ್ ೨೬, ಶನಿವಾರ

ಮನೆ ದೊಡ್ಡದಾಗಿಬಿಟ್ಟಿದೆ.

ಅಕ್ಟೋಬರ್ ೩೧, ಗುರುವಾರ

ಅಂಗಡಿಯನ್ನು ಅರ್ಧ ದಿನ ಮುಚ್ಚಿ ಸ್ಟೇಷನ್ ಎದುರಿನ ಹಟಾನಾಕನ ಅಂಗಡಿಗೆ ಹೋದೆ. ಅವನು ನನಗಿಂತ ಬಹಳ ಚಿಕ್ಕವನು. ನನ್ನನ್ನು ಬಾಗಿಲಲ್ಲಿ ಕಂಡವನೇ ಜಗಳಕ್ಕೆ ಬಂದೆನೆಂದುಕೊಂಡು ಕೈಯಲ್ಲಿದ್ದ ಬಾಚಣಿಗೆಯನ್ನು ಬೀಳಿಸಿದ.

“ಕೂದಲು ಕತ್ತರಿಸ್ಬೇಕು,” ಎಂದೆ.

“ನಾನಾ? ನಿಮ್ದಾ, ಶೋಹೇ ಅವ್ರೇ?”

ಕೂತೆ. ಒಳ್ಳೆಯ ಕೆಲಸಗಾರ. ನಾನು ಅಂದುಕೊಂಡದ್ದಕ್ಕಿಂತ ಒಳ್ಳೆಯವನು. ಕನ್ನಡಿಯಲ್ಲಿ ಅವನನ್ನು ನೋಡುತ್ತ ಕೇಳಿದೆ.

“ನನ್ನ ಹೆಂಡ್ತಿ ಬಂದಿದ್ಲಲ್ಲ. ಹೇಗಿದ್ಲು ಅವತ್ತು?”

ಅವನ ಕತ್ತರಿ ನಿಂತಿತು. “ಹೇಳ್ಬೋದೋ ಇಲ್ವೋ.”

“ಹೇಳಪ್ಪ.”

“ಸರದಿ ಬಂದ್ರೂ ಮುಂದಿನವ್ರನ್ನ ಕೂರಿಸಿ, ಮುಂದಿನವ್ರನ್ನ ಕೂರಿಸಿ ಅಂತಿದ್ರು. ಬಾಗಿಲ ಕಡೇನೇ ನೋಡ್ತಾ ಕೂತಿದ್ರು. ಯಾರಾದ್ರೂ ಬರ್ಬೇಕಾ ಅಂತ ಕೇಳಿದೆ. ನನ್ನ ಗಂಡ ಹುಡುಕ್ಕೊಂಡು ಬಂದ್ರೂ ಬರಬಹುದು ಅಂದ್ರು. ಆಮೇಲೆ ಅಂಗಡಿ ಖಾಲಿಯಾಯ್ತು. ಅವ್ರು ಬರಲ್ಲ, ಶುರು ಮಾಡಿ ಅಂದ್ರು.” ಮತ್ತೆ ಕತ್ತರಿ ಆಡಿಸುತ್ತ, “ನಾನು ಮೆಷಿನ್ ಹಾಕಿದೆ. ಆ ಔಷಧಿ ತಗೊಳ್ಳೋವಾಗ ಕತ್ತಿ ತಾಗಿ ಗಾಯವಾದ್ರೆ ಮಾಯಲ್ಲ ಅಂತ ಆಸ್ಪತ್ರೇಲಿ ಹೇಳಿದ್ರಂತೆ. ನಿಮಗೂ ಹೇಳಿರ್ತಾರಲ್ಲ,” ಎಂದ.

ನನಗೆ ಗೊತ್ತಿರಲಿಲ್ಲ. ಅವಳು ಕೇಳಿದ ದಿನ ನಾನು ಕುರ್ಚಿಯಲ್ಲಿ ಕೂರಿಸಿದ್ದರೆ ಹೇಳುತ್ತಿದ್ದಳು.

ಅವತ್ತು ಶನಿವಾರ ಮಧ್ಯಾಹ್ನ ನಾನು ಏನು ಮಾಡುತ್ತಿದ್ದೆನೆಂದು ನೆನಪಿಸಿಕೊಳ್ಳಲು ನೋಡಿದೆ. ಯಾರದೋ ತಲೆ. ಯಾರದೆಂದೂ ನೆನಪಿಲ್ಲ.

ಏಳುವಾಗ ಹಟಾನಾಕನಿಗೆ ತಲೆಬಾಗಿ ಕೃತಜ್ಞತೆ ಹೇಳಿದೆ. ಅವನು ಇನ್ನೂ ಕೆಳಕ್ಕೆ ಬಾಗಿದ. ಅಂಗಡಿಯಲ್ಲಿದ್ದವರು ನೋಡುತ್ತಿದ್ದರು. ನೋಡಲಿ.

ನವೆಂಬರ್ ೩, ಭಾನುವಾರ

ಕೊಮಾತ್ಸು ನನ್ನ ತಲೆ ನೋಡಿ, “ಇದು ಯಾರ ಕೈಕೆಲಸ?” ಎಂದ.

“ಹಟಾನಾಕಂದು.”

“ಥೂ! ಗಂಡ ಹೆಂಡ್ತಿ ಇಬ್ರೂನಾ?”

“ಅವಳು ನನ್ನನ್ನ ಕೇಳಿದ್ಲು ಕೊಮಾತ್ಸು. ನಾನು ಕುಡಿಯೋಕೆ ಹೋದೆ.”

ಅಂಗಡಿ ತುಂಬ ಜನ ಇದ್ದರು. ಯಾರೂ ನಗಲಿಲ್ಲ. ಸಂಜೆ ಕೊಮಾತ್ಸುವಿನ ಹೆಂಡತಿ ಬಂಗುಡೆ ಸುಟ್ಟು ತಂದುಕೊಟ್ಟಳು.

ನವೆಂಬರ್ ೧೧, ಸೋಮವಾರ

ರಜೆ. ಹೊದಿಕೆಗಳನ್ನು ಒಗೆದು, ಕತ್ತಿಗಳನ್ನು ಮಸೆದೆ. ಮಹಡಿಯ ಕೋಣೆಯ ಕಾಗದದ ಬಾಗಿಲು ಎರಡು ಕಡೆ ಹರಿದಿತ್ತು, ಅಂಟಿಸಿದೆ. ಬೆಳಗಿನಿಂದ ಸಣ್ಣಗೆ ಹಿಮ. ಈ ವರ್ಷದ ಮೊದಲನೆಯದು.

ಸಂಜೆ ಬುಗ್ಗೆ ಮನೆಗೆ ಫೋನ್ ಮಾಡಿದೆ. ಎರಡು ವಾರಗಳಿಂದ ಮಾಡಬೇಕೆಂದಿದ್ದು, ಅವಳೇ ಮಾಡಲಿ ಎಂದಲ್ಲ, ಏನು ಹೇಳಬೇಕೆಂದು ಸರಿಯಾಗಿ ಕೂಡಿಬರದೆ ಬಿಟ್ಟಿದ್ದೆ. ಇವತ್ತು ಕೂಡಿಬಂದಿತ್ತು. ಹಟಾನಾಕನ ಅಂಗಡಿಗೆ ಹೋಗಿದ್ದೆ ಎಂದು ಮೊದಲು ಹೇಳುವುದು. ನೀನು ಬಾಗಿಲು ನೋಡುತ್ತ ಕೂತಿದ್ದೆಯಂತೆ ಎನ್ನುವುದು. ಆಮೇಲಿನದು ಬಾಯಿಗೆ ಬಂದ ಹಾಗೆ.

ಯಜಮಾನಿ ಎತ್ತಿಕೊಂಡಳು.

“ಕಿನುಯೊ ಅವ್ರು ನೀರಿಗಿಳಿದಿದಾರೆ. ಎಲ್ರೂ ಅಲ್ಲೇ ಇದಾರೆ. ಕರೀಲಾ?”

“ಬೇಡ, ಬೇಡ. ಎಬ್ಬಿಸ್ಬೇಡಿ. ಥಂಡಿ ಆಗತ್ತೆ.”

“ಏನಾದ್ರೂ ಹೇಳ್ಬೇಕಿತ್ತಾ?”

“ಇಲ್ಲಿ ಹಿಮ ಬಿತ್ತು ಅಂತ...”

“ಇಲ್ಲಿ ಹೋದ ವಾರವೇ ಬಿತ್ತು. ಈಗ ಮೊಣಕಾಲವರೆಗಿದೆ.”

“ಹೌದಲ್ವಾ. ಅಲ್ಲಿ ಮೊದ್ಲು ಬೀಳತ್ತೆ.” ಕೇಳಿದೆ, “ಅವಳ ಕೈ ಮೇಲಕ್ಕೆ ಏಳತ್ತಾ?”

“ಮೊನ್ನೆ ತೊಯೊಜ್ಜಿ ಜೊತೆ ಒಣಗಿಸೋಕೆ ಸೂರಿಗೆ ಮೂಲಂಗಿ ಕಟ್ತಿದ್ರು.”

ಸೂರು ಎಂದರೆ ತಲೆಗಿಂತ ಮೇಲೆ. ಅಷ್ಟು ಸಾಕು ಎಂದೆ. ಬೇರೇನೂ ಇಲ್ಲ, ಮತ್ತೆ ಮಾಡುತ್ತೇನೆ ಎಂದೆ.

ಆಗ ಓಣಿಯ ಕೊನೆಯಲ್ಲಿ ಬಾಗಿಲು ತೆರೆದಿರಬೇಕು, ಫೋನಿನಲ್ಲಿ ಹೆಂಗಸರ ನಗು ಕೇಳಿಸಿತು, ಮೂರು ನಾಲ್ಕು ಜನರದು ಒಟ್ಟಿಗೆ. ಅದರಲ್ಲಿ ಅವಳದು ಯಾವುದೆಂದು ತಿಳಿಯಲು ಕಿವಿಗೆ ಒತ್ತಿ ಹಿಡಿದುಕೊಂಡೆ. ಗುರುತು ಸಿಗುವಷ್ಟರಲ್ಲಿ ಯಜಮಾನಿ ಫೋನ್ ಇಟ್ಟುಬಿಟ್ಟಿದ್ದಳು.